ಮಲಗಿದವರನ್ನು ಎಬ್ಬಿಸಬಾರದು

ಮೊಣಕಾಲು ಒತ್ತಿದರೆ ತಲೆ ಏಳುತ್ತಿತ್ತು. ತಲೆ ಒತ್ತಿದರೆ ಮೊಣಕಾಲು ಏಳುತ್ತಿದ್ದವು. ಗ್ಯಾಸ್ ಕಿಟ್ ಕೂರಿಸುವ ಫಿಟ್ಟರ್ ಕಾಲಿನ ಕಡೆ, ಆಟೋ ಸಂಘದ ಅಧ್ಯಕ್ಷರು ತಲೆಯ ಕಡೆ ನಿಂತು, ತಕ್ಕಡಿಯ ತಟ್ಟೆ ಸಮ ಮಾಡುವವರಂತೆ ಒಬ್ಬರಾದ ಮೇಲೊಬ್ಬರು ಒತ್ತುತ್ತಿದ್ದರು. ಬಡಗಿ ಇಟ್ಟು ಹೋಗಿದ್ದ ಪೆಟ್ಟಿಗೆ ನೆಲದ ಮೇಲಿತ್ತು. ಅದರ ಮುಚ್ಚಳ ಗೋಡೆಗೆ ಒರಗಿ ಕಾಯುತ್ತಿತ್ತು.

“ಅಧ್ಯಕ್ಷರೇ, ತಲೆ ಬಿಡಬೇಡಿ. ನೀವು ಬಿಟ್ಟಾಗಲೆಲ್ಲ ಎದ್ದು ನನ್ನ ಮುಖಾನೇ ನೋಡ್ತಾನೆ.”

“ನೀನು ಕಾಲು ಸರಿಯಾಗಿ ಹಿಡಿ ಮೊದ್ಲು. ಬದುಕಿದ್ದಾಗಲೂ ಇವನದು ಇದೇ ಆಯ್ತು. ಒಂದು ಕಡೆ ಒಪ್ಪಿಸಿದ್ರೆ ಇನ್ನೊಂದು ಕಡೆ ತಕರಾರು.”

“ನಿಧಾನ, ನಿಧಾನ. ಏನೋ ಲಟಕ್ ಅಂತು.”

“ಅದು ಮಂಚ ಕಣಯ್ಯಾ.”

“ಕೈ ತೆಗೀರಿ” ಎಂದಳು ಮಗಳು ಬಾಗಿಲಲ್ಲಿ ನಿಂತು.

ಇಬ್ಬರೂ ಕೈ ತೆಗೆದರು. ಹೆಣ ತನಗೆ ಬೇಕಾದ ಹಾಗೆ ನೆಲೆ ನಿಂತಿತು: ಸೊಂಟ ಮಡಿಸಿ, ಮೊಣಕಾಲು ಮಡಿಸಿ, ತಲೆ ಎಡಕ್ಕೆ ವಾಲಿಸಿ, ಬಲಗೈಯ ಬೆರಳುಗಳನ್ನು ಕಾಣದ ಯಾವುದೋ ಹಿಡಿಯ ಸುತ್ತ ಅರ್ಧ ಮುಚ್ಚಿ. ಅಂಗಾತ ಮಲಗಿಸಿದ್ದರೂ ಆ ಮನುಷ್ಯ ಕೂತೇ ಇದ್ದ. ಹೊದಿಸಿದ ಬೆಡ್‌ಶೀಟ್ ಮಂಡಿಗಳ ಮೇಲೆ ಡೇರೆಯ ಹಾಗೆ ಎದ್ದು ನಿಂತಿತ್ತು.

ಮಗಳು ಆಸ್ಪತ್ರೆಯಲ್ಲಿ ಆಯಾ. ಹೆಂಗಸರ ವಾರ್ಡಿನಲ್ಲಿ ಪ್ರಾಣ ಹೋದವರ ಕಣ್ಣು ಮುಚ್ಚಿಸುವುದು, ಕೈಕಾಲು ನೆಟ್ಟಗೆ ಮಾಡುವುದು, ಗದ್ದಕ್ಕೆ ಬಟ್ಟೆ ಕಟ್ಟುವುದು ಅವಳ ಕೆಲಸ. ತಡ ಮಾಡಿದರೆ ದೇಹ ಯಾವ ಭಂಗಿಯಲ್ಲಿ ಸಿಕ್ಕಿತೋ ಅದೇ ಭಂಗಿಯಲ್ಲಿ ಮರದಂತೆ ಬಿಗಿದುಕೊಳ್ಳುತ್ತದೆ. ನಿನ್ನೆ ಸಂಜೆ ಅಪ್ಪನನ್ನು ಮನೆಗೆ ತಂದಾಗ ಹೊದಿಕೆ ಸರಿಸಿ ನೋಡಲು ಅವಳಿಗೆ ಆಗಿರಲಿಲ್ಲ. ಅಮ್ಮ ಅವಳ ಕೈ ಬಿಟ್ಟಿರಲಿಲ್ಲ. ಈಗ ನೋಡಿದಳು.

“ನಿನ್ನೆ ಏನಾಯ್ತು ಅಂದ್ರಿ? ಇನ್ನೊಂದ್ಸಲ ಹೇಳಿ.”

ಅಧ್ಯಕ್ಷರು ಸಭೆಯಲ್ಲಿ ಕೆಮ್ಮುವ ಹಾಗೆ ಕೆಮ್ಮಿದರು. “ಬಂಕಲ್ಲಿ ಗ್ಯಾಸ್ ಹಾಕಿಸ್ದ. ದುಡ್ಡು ಕೊಟ್ಟ. ಗಾಡಿ ಪಕ್ಕಕ್ಕೆ ತಗೊಂಡ. ಎದೆ ಹಿಡ್ಕೊಂಡ. ಅಷ್ಟೇ ಮಗಳೇ. ಹೂ ಎತ್ತಿದ ಹಾಗೆ ಹೋದ.”

“ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋದ್ರಿ.”

“ತಕ್ಷಣ.”

“ಮುಗಿದಿದೆ ಅಂದ್ರು. ಅಲ್ಲಿಂದ ಸೀದಾ ಮನೆಗೆ ತಂದು ಮಲಗಿಸಿದ್ರಿ.”

“ಮಲಗಿಸಿದ್ವಿ.”

“ಮತ್ತೆ ಅಪ್ಪ ಯಾಕೆ ಕೂತಿದಾನೆ?”

ಫಿಟ್ಟರ್ ತನ್ನ ಅಂಗೈ ನೋಡಿಕೊಂಡ. ಅಧ್ಯಕ್ಷರು ಪೆಟ್ಟಿಗೆಯ ಮುಚ್ಚಳ ನೋಡಿದರು. ಒಳಕೋಣೆಯಿಂದ ಅಮ್ಮನ ದನಿ ಬಂತು: “ಬಿಡೇ. ಹೋದೋರನ್ನ ಏನು ಪಂಚಾಯ್ತಿ ಕೇಳೋದು.”

ಮಗಳು ಬಿಡುವ ಹಾಗಿರಲಿಲ್ಲ. ಊರಿನಲ್ಲಿ ಉಳಿದಿರುವ ಒಂದೇ ಗ್ಯಾಸ್ ಬಂಕಿಗೆ ನಿಲ್ಲುವ ಆಟೋಗಳ ಸಾಲು ಅವಳ ಆಸ್ಪತ್ರೆಯ ಗೇಟಿನ ಮುಂದೆಯೇ ಹಾದು ಹೋಗುತ್ತದೆ. ನಿನ್ನೆ ಮಧ್ಯಾಹ್ನ ಬಕೆಟ್ ತೊಳೆದು ನೀರು ಚೆಲ್ಲಲು ಮೂರನೇ ಮಹಡಿಯ ಕಿಟಕಿಗೆ ಬಂದಾಗ ಅವಳು ಅಪ್ಪನ ಗಾಡಿಯನ್ನು ಕಂಡಿದ್ದಳು. ಟಾಪಿನ ಮೇಲೆ ಅವಳೇ ಹೊಲಿದು ಹಾಕಿದ ತೇಪೆಯಿತ್ತು. ಪಕ್ಕದಿಂದ ಅಪ್ಪನ ಒಂದು ಮೊಣಕೈ ಕಾಣುತ್ತಿತ್ತು. ನಿದ್ದೆ ಮಾಡ್ತಿದಾನೆ, ಕೂಗಿ ಎಬ್ಬಿಸುವುದು ಬೇಡ ಎಂದುಕೊಂಡು ಒಳಗೆ ಹೋಗಿದ್ದಳು.

ಆ ಗೇಟಿನ ಮುಂದೆ ಹಾದಾಗ ಅಪ್ಪನಿಗೆ ಉಸಿರಿತ್ತೋ ಇಲ್ಲವೋ? ಈ ಒಂದು ಮಾತು ಗೊತ್ತಾಗದೆ ಅವಳು ಅವನನ್ನು ಮಣ್ಣಿಗೆ ಕಳಿಸಲಾರಳು.

*

ಎಷ್ಟೋ ವರ್ಷಗಳ ಹಿಂದೆ ಊರಿನ ಆಟೋಗಳಿಗೆ ಗ್ಯಾಸ್ ಬಂದದ್ದು ಮೈದಾನದಲ್ಲಿ, ಶಾಮಿಯಾನದ ಕೆಳಗೆ, ಬಣ್ಣದ ಬ್ಯಾನರಿನೊಂದಿಗೆ. ಬ್ಯಾನರಿನಲ್ಲಿ ಒಂದು ಮಗು ಮೂಗರಳಿಸಿ ಉಸಿರೆಳೆದುಕೊಳ್ಳುತ್ತಿತ್ತು. ನಿಮ್ಮ ಹೊಗೆಯಿಂದ ಈ ಮಗು ಕೆಮ್ಮುತ್ತಿದೆ ಎಂದು ವೇದಿಕೆಯ ಮೇಲಿನವರು ಹೇಳಿದರು. ಅವರು ಬಂದ ಕಾರುಗಳು ಮೈದಾನದ ಅಂಚಿನಲ್ಲಿ ಎಂಜಿನ್ ಆರಿಸದೆ, ಒಳಗೆ ತಂಪು ಕೆಡದಂತೆ, ಹೊಗೆ ಬಿಡುತ್ತಾ ನಿಂತಿದ್ದವು.

ಗ್ಯಾಸಿಗೆ ಬದಲಾಯಿಸಿದವರಿಗೆ ಮಾತ್ರ ಪರ್ಮಿಟ್. ಹಳೆಯ ಪೆಟ್ರೋಲ್ ಟ್ಯಾಂಕ್ ಕಿತ್ತು ಒಪ್ಪಿಸಿದವರಿಗೆ ಮಾತ್ರ ರಿಯಾಯಿತಿ. ಒಪ್ಪಿಸಿದವರಲ್ಲಿ ಅಪ್ಪನೇ ಮೊದಲಿಗ. ಅಂದು ಮೈದಾನದಲ್ಲಿ ಕಿತ್ತ ಟ್ಯಾಂಕುಗಳು ರಾಶಿ ಬಿದ್ದಿದ್ದವು; ಹರಕೆ ತೀರಿಸಲು ಬೋಳಿಸಿಕೊಂಡ ಕೂದಲಿನ ಹಾಗೆ, ಕೊಟ್ಟವರಿಗೆ ಇನ್ನು ಬೇಡದ್ದು, ಪಡೆದವರಿಗೂ ಬೇಡದ್ದು. ಅವನು ಹೊಸ ಸಿಲಿಂಡರನ್ನು ಸೀಟಿನ ಕೆಳಗೆ ಕೂರಿಸಿಕೊಂಡು ಬೀದಿಗೆ ಬಂದಾಗ ಅಕ್ಕಪಕ್ಕದವರು ಬಗ್ಗಿ ಬಗ್ಗಿ ನೋಡಿದರು.

“ಅಡುಗೆ ಮನೆ ಮೇಲೆ ಕೂತ್ಕೊಂಡು ಓಡಿಸ್ತೀಯೇನೋ ಸಿಳ್ಳೆ!”

“ಹೂಂ. ಹಿಂದೆ ಕೂತೋರಿಗೆ ಬಿಸಿ ಬಿಸಿ ಕಾಫಿ.”

ಸಿಳ್ಳೆ ಅವನ ಅಡ್ಡಹೆಸರು. ಎಂಜಿನ್ ಆರಿಸಿದೊಡನೆ ಅವನ ಬಾಯಿ ಸಿಳ್ಳೆ ಹಾಕಲು ತೊಡಗುತ್ತಿತ್ತು. ರಾಗವಿಲ್ಲದ, ಎಳೆದಷ್ಟೂ ಮುಗಿಯದ, ಕೆಟಲಿನಲ್ಲಿ ನೀರು ಕುದಿಯುವ ಮೊದಲು ಬರುವಂಥ ಒಂದು ಸಣ್ಣ ದನಿ. ಹೆಂಡತಿ ಬೈದು ಸೋತಿದ್ದಳು. ಮಗಳಿಗೆ ಅದಿಲ್ಲದೆ ನಿದ್ದೆ ಬರುತ್ತಿರಲಿಲ್ಲ.

ಮುಂದಿನ ವರ್ಷಗಳಲ್ಲಿ ಒಂದೊಂದೇ ಬಂಕ್ ಮುಚ್ಚಿತು. ಒಂದು ಸೋಫಾ ಅಂಗಡಿಯಾಯಿತು. ಒಂದರ ಜಾಗದಲ್ಲಿ ಕನ್ನಡಿ ಗೋಡೆಯ ಬ್ಯಾಂಕ್ ಎದ್ದಿತು. ಇನ್ನೊಂದನ್ನು ಹಾಗೇ ಬೀಗ ಹಾಕಿ ಬಿಟ್ಟರು. ಅದರ ನಳಿಕೆಗಳಲ್ಲಿ ಜೇಡ ಕಟ್ಟಿತು. ಲಾಭವಿಲ್ಲವಂತೆ. ಈಗ ಕರೆಂಟಿನ ಕಾಲವಂತೆ. ಅದೇ ಮೈದಾನದಲ್ಲಿ, ಅದೇ ಶಾಮಿಯಾನದ ಕೆಳಗೆ, ಬೇರೊಂದು ಮಗುವಿನ ಬ್ಯಾನರ್ ಕಟ್ಟಿದರು. ಅಟ್ಟ ಹತ್ತಿಸಿದವರೇ ಏಣಿ ತೆಗೆದುಕೊಂಡು ಹೋಗಿ ಬೇರೆ ಮನೆಯ ಅಟ್ಟಕ್ಕೆ ಇಟ್ಟರು. ಮೇಲೆ ಉಳಿದವರು ಏನಾದರು ಎಂದು ಕೆಳಗಿನಿಂದ ಯಾರೂ ಕೂಗಿ ಕೇಳಲಿಲ್ಲ.

*

ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಆಟೋದವರು ಹೆಣಕ್ಕಿಂತ ಹೆಚ್ಚಾಗಿ ಅಲ್ಲೇ ನಿಲ್ಲಿಸಿದ್ದ ಅಪ್ಪನ ಗಾಡಿಯ ಮಾತನ್ನೇ ಆಡುತ್ತಿದ್ದರು.

“ಟ್ಯಾಂಕ್ ತುಂಬಿದೆಯಂತಲ್ಲ?”

“ಬಾಯಿ ಮುಚ್ಚೋ. ಮಣ್ಣಿಗಾದ್ರೂ ಹೋಗ್ಲಿ ಆಮೇಲೆ ಕೇಳುವಂತೆ.”

“ಕೇಳ್ದೆ ಅಷ್ಟೇನಪ್ಪ. ನನ್ನ ಗಾಡಿ ಉಪವಾಸ ಬಿದ್ದು ವಾರ ಆಯ್ತು. ಇಲ್ಲಿಗೂ ತಳ್ಳಿಕೊಂಡೇ ಬಂದೆ.”

ಆಗ ಸಿಳ್ಳೆ ಕೇಳಿಸಿತು.

ಸಣ್ಣಗೆ, ಎಳೆ ಎಳೆಯಾಗಿ, ನಿಲ್ಲದೆ. ಮಾತಾಡುತ್ತಿದ್ದವರ ಬಾಯಿ ತೆರೆದಲ್ಲೇ ನಿಂತವು. ಒಬ್ಬ ಕುರ್ಚಿಯಿಂದ ಎದ್ದವನು ಪೂರ್ತಿ ಏಳಲಿಲ್ಲ, ಕೂರಲೂ ಇಲ್ಲ. ಒಳಕೋಣೆಯಲ್ಲಿ ಅಮ್ಮ, “ಬಂದ್ರು” ಎಂದಳು. ಅಷ್ಟೇ. ಗಂಡ ಕೆಲಸ ಮುಗಿಸಿ ಬಂದಾಗ ಒಲೆ ಹಚ್ಚಲು ಏಳುವ ಮೊದಲು ಹೇಳುವ ಹಾಗೆ. ಹೇಳಿಬಿಟ್ಟು ತನ್ನ ಬಾಯಿಯನ್ನು ತಾನೇ ಸೆರಗಿನಿಂದ ಮುಚ್ಚಿಕೊಂಡಳು.

ಮಗಳು ಹೊರಗೆ ಬಂದಳು. ಬಿಸಿಲು ಗೋಡೆ ದಾಟಿ ಗಾಡಿಯ ಮೇಲೆ ನೇರ ಬಿದ್ದಿತ್ತು. ಸಿಳ್ಳೆ ಖಾಲಿ ಸೀಟಿನ ಕೆಳಗಿನಿಂದ ಬರುತ್ತಿತ್ತು. ಅದರ ಹಿಂದೆಯೇ ಕೊಳೆತ ಎಲೆಕೋಸಿನಂಥ ವಾಸನೆ ಅಂಗಳ ತುಂಬಿತು.

“ಬೆಂಕಿ! ಯಾರೂ ಕಡ್ಡಿ ಗೀಚಬೇಡಿ! ಬೀಡಿ ಆರಿಸ್ರೋ!” ಫಿಟ್ಟರ್ ಓಡಿದ. “ನೆರಳಿಗೆ ತಳ್ಳಿ. ಗೋಣಿಚೀಲ ಒದ್ದೆ ಮಾಡಿ ತನ್ನಿ. ಕೀಲಿ ಮುಟ್ಟಬೇಡಿ ಯಾರೂ!”

ನಾಲ್ಕು ಜನ ಸೇರಿ ಗಾಡಿಯನ್ನು ಗೋಡೆಯ ನೆರಳಿಗೆ ತಳ್ಳಿದರು. ಒದ್ದೆ ಗೋಣಿ ಹೊದಿಸಿದ ಮೇಲೆ ಸಿಳ್ಳೆ ಸಣ್ಣದಾಗಿ, ಇನ್ನೂ ಸಣ್ಣದಾಗಿ, ಕೊನೆಗೆ ಉಸಿರೆಳೆದ ಹಾಗೆ ನಿಂತುಹೋಯಿತು. ಫಿಟ್ಟರ್ ಮುಖ ಒರೆಸಿಕೊಂಡ.

“ಏನೂ ಇಲ್ಲಮ್ಮ, ಹೆದರಬೇಡ. ಟ್ಯಾಂಕ್ ಕಂಠಪೂರ್ತಿ ತುಂಬಿದಾರೆ. ಬಿಸಿಲಿಗೆ ಉಬ್ಬಿ ವಾಲ್ವ್ ಬಿಚ್ಚಿಕೊಳ್ತು.”

“ಕಂಠಪೂರ್ತಿ ಯಾಕೆ ತುಂಬಿದ್ರು?”

“ತಾನಾಗೇ ನಿಲ್ಲೋ ಪಾರ್ಟು ಇವನ ಗಾಡೀಲಿ ಕೆಟ್ಟು ಎಷ್ಟೋ ಕಾಲ ಆಯ್ತಲ್ಲ. ಆ ಪಾರ್ಟು ಈಗ ಎಲ್ಲೂ ಸಿಗಲ್ಲ. ಅದಕ್ಕೇ ಡ್ರೈವರೇ ಸಾಕು ಅಂತ ಹೇಳಬೇಕು. ಇವನು ಟ್ಯಾಂಕ್ ಮೇಲೆ ಕೈ ಇಟ್ಟು, ತಣ್ಣಗಾಗಿದ್ದು ಎಲ್ಲಿಗೆ ಬಂತು ನೋಡಿ, ಸಾಕು ಅಂತ…”

ಅವನು ಅಲ್ಲಿಗೆ ನಿಲ್ಲಿಸಿದ. ತಾನು ಏನು ಹೇಳಿಬಿಟ್ಟೆ ಎನ್ನುವುದು ಅವನ ಮುಖದ ಮೇಲೆ ಮೆಲ್ಲಗೆ ಹರಡಿತು.

“ಅಪ್ಪ ಒಂದು ದಿನಾನೂ ತುಂಬಿಸಿದವನಲ್ಲ” ಎಂದಳು ಮಗಳು. “ಗಾಡಿಗೂ ಉಸಿರಾಡೋಕೆ ಜಾಗ ಬಿಡಬೇಕು ಅಂತಿದ್ದ. ನಿನ್ನೆ ಸಾಕು ಅನ್ನೋಕೆ ಅಲ್ಲಿ ಯಾರೂ ಇರಲಿಲ್ಲ. ಅಲ್ವಾ ಮಾಮ?”

ಫಿಟ್ಟರ್ ಅಧ್ಯಕ್ಷರ ಕಡೆ ನೋಡಿದ. ಅಧ್ಯಕ್ಷರು ಅವಳನ್ನು ಗೋಡೆಯ ಮೂಲೆಗೆ ಕರೆದರು. ಸಭೆಯ ದನಿ ಹೋಗಿ ಮನೆಯ ದನಿ ಬಂದಿತ್ತು.

“ಮಗಳೇ, ಸಾಲಲ್ಲೇ ಸತ್ತ ಅಂತ ಹೊರಗೆ ಬಂತು ಅಂದ್ಕೋ. ವಿಚಾರಣೆ ಅಂತಾರೆ, ಬಂಕಿಗೆ ಬೀಗ ಜಡಿತಾರೆ. ಅವರಿಗೆ ಬೇಕಾಗಿರೋದೇ ನೆಪ. ಇರೋದು ಒಂದು. ಅದೂ ಹೋದ್ರೆ ಅಂಗಳದಲ್ಲಿ ಕೂತಿದಾರಲ್ಲ, ಇವರೆಲ್ಲರ ಮನೇಲೂ ಹೀಗೇ ಒಂದು ಪೆಟ್ಟಿಗೆ ತರಿಸಬೇಕಾಗುತ್ತೆ.”

“ಅದಕ್ಕೆ ನನಗೆ ಸುಳ್ಳು ಹೇಳಿದ್ರಿ.”

“ನಿನಗೊಬ್ಬಳಿಗೆ ಹೇಳಿದ್ದಲ್ಲಮ್ಮ. ನಮಗೆ ನಾವೂ ಅದನ್ನೇ ಹೇಳ್ಕೊಂಡ್ವಿ.”

“ಅಪ್ಪನ ಹಿಂದೆ ಸಾಲಲ್ಲಿ ಇದ್ದಿದ್ದು ಯಾರು?”

ಅಧ್ಯಕ್ಷರು ಬೀದಿಯ ಕಡೆ ನೋಡಿದರು. ಅಪ್ಪನ ಹಿಂದೆ ಯಾವಾಗಲೂ ಇರುತ್ತಿದ್ದದ್ದು ಒಬ್ಬನೇ. ಬೆಳಗಿನಿಂದ ಅವನು ಒಳಗೆ ಬಂದಿರಲಿಲ್ಲ. ಬೀದಿಯಲ್ಲಿ, ತನ್ನ ಗಾಡಿಯ ಹಿಂದೆ, ಕಾಲು ಮಡಿಸಿ ಕೂತಿದ್ದ.

*

ಸಾಲಿಗೆ ಅದರದೇ ಕಾನೂನು ಇತ್ತು. ಯಾರೂ ಬರೆದದ್ದಲ್ಲ. ಬೆಳಕು ಹರಿಯುವ ಮೊದಲೇ ಚೌಕದ ಆಚೆಯಿಂದ ಗಾಡಿಗಳು ಒಂದರ ಹಿಂದೆ ಒಂದು ನಿಲ್ಲುತ್ತಿದ್ದವು. ಮುಂದೆ ಸರಿಯಲು ಎಂಜಿನ್ ಹಚ್ಚಿದರೆ, ಯಾವುದಕ್ಕಾಗಿ ನಿಂತೆವೋ ಅದೇ ಖರ್ಚಾಗುತ್ತದೆ. ಆದ್ದರಿಂದ ಯಾರೂ ಹಚ್ಚುತ್ತಿರಲಿಲ್ಲ. ಒಂದು ಕಾಲು ಬ್ರೇಕಿನ ಮೇಲೆ, ಇನ್ನೊಂದು ಕಾಲು ಮುಂದಿನ ಗಾಡಿಯ ಬಂಪರಿನ ಮೇಲೆ. ಹಿಂದಿನವನು ಮುಂದಿನವನನ್ನು ತಳ್ಳಬೇಕು, ಅವನನ್ನು ಅವನ ಹಿಂದಿನವನು. ಹೀಗೆ ಇಡೀ ಸಾಲು ಕಂಬಳಿಹುಳದ ಹಾಗೆ ಮೈ ಕುಗ್ಗಿಸಿ ಹಿಗ್ಗಿಸಿ ಬಂಕಿನ ಕಡೆ ತೆವಳುತ್ತಿತ್ತು.

ಇದರೊಳಗೆ ಇನ್ನೊಂದು ಕಾನೂನು: ಮಲಗಿದವರನ್ನು ಎಬ್ಬಿಸಬಾರದು. ರಾತ್ರಿಯೆಲ್ಲ ಬಾಡಿಗೆ ಹೊಡೆದು ಬಂದವನು ಸೀಟಿನಲ್ಲೇ ಕಣ್ಣು ಮುಚ್ಚುತ್ತಾನೆ. ಅವನಿಗೆ ಮನೆಯಲ್ಲಿ ಸಿಗದ ನಿದ್ದೆ ಅದು. ತಳ್ಳಬೇಕು. ತಿರುವು ಬಂದರೆ ಇಳಿದು ಹೋಗಿ, ಅವನ ಕೈ ಇದ್ದ ಹಾಗೇ ಹ್ಯಾಂಡಲ್ ತಿರುಗಿಸಿ ಬಂದು, ಮತ್ತೆ ತಳ್ಳಬೇಕು. ಅವನನ್ನು ಬಂಕಿನ ನಳಿಕೆಯ ಮುಂದೆ ನಿಲ್ಲಿಸಿದ ಮೇಲೇ ಎಬ್ಬಿಸುವುದು. ಏನೂ ಇಲ್ಲದವರು ಒಬ್ಬರಿಗೊಬ್ಬರು ಕೊಡಬಹುದಾದದ್ದು ಅದೊಂದೇ ಆಗಿತ್ತು.

ಸಿಳ್ಳೆ ಮತ್ತು ಸ್ಟ್ಯಾಂಡಿನವರು ‘ಉದ್ದ’ ಎಂದು ಕರೆಯುವ ಗೆಳೆಯ, ಇಬ್ಬರೂ ಜೋಡಿ. ಉದ್ದನ ಕಾಲು ಎಷ್ಟು ಉದ್ದವೆಂದರೆ, ‘ಇವನು ಮನೇಲಿ ಕೂತೇ ಬಂಕಿನಲ್ಲಿರೋ ಗಾಡಿ ತಳ್ಳಬಹುದು’ ಎಂದು ಸ್ಟ್ಯಾಂಡಿನಲ್ಲಿ ನಗುತ್ತಿದ್ದರು. ಸಿಳ್ಳೆ ಮುಂದೆ, ಉದ್ದ ಹಿಂದೆ. ಮಗಳು ಚಿಕ್ಕವಳಿದ್ದಾಗ ಅವನ ಭುಜದ ಮೇಲೆ ಕೂತು ಊರು ನೋಡಿದವಳು; ಅವನಿಗೆ ಉದ್ದಮಾಮ ಎಂದು ಹೆಸರಿಟ್ಟವಳೂ ಅವಳೇ.

ಮುಂದಿನ ಗಾಡಿಯಿಂದ ಸಿಳ್ಳೆ ಕೇಳುತ್ತಿರುವಷ್ಟು ಹೊತ್ತು ಉದ್ದ ಕಾಲು ಚಾಚುತ್ತಿರಲಿಲ್ಲ. ಗೆಳೆಯ ಎಚ್ಚರವಿದ್ದಾನೆ, ತಾನೇ ನೆಲಕ್ಕೆ ಕಾಲು ಕೊಟ್ಟು ಸರಿಸಿಕೊಳ್ಳುತ್ತಾನೆ. ಸಿಳ್ಳೆ ನಿಂತರೆ ನಿದ್ದೆ ಬಂತು ಎಂದು ಅರ್ಥ. ಆಗ ಉದ್ದ ಚಪ್ಪಲಿ ಬಿಚ್ಚಿ, ಬರಿಗಾಲನ್ನು ಬಂಪರಿನ ಮೇಲೆ ಮೆಲ್ಲಗೆ ಇಡುತ್ತಿದ್ದ.

*

“ಉದ್ದಮಾಮ.”

ಅವನು ತಲೆ ಎತ್ತಲಿಲ್ಲ. ಮಗಳು ಅವನೆದುರು ನೆಲದ ಮೇಲೆ ಕೂತಳು. ಅವಳ ಹಿಂದೆ ಅಮ್ಮನೂ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು.

“ಸಿಳ್ಳೆ ಯಾವಾಗ ನಿಂತಿತು?”

“ಚೌಕಕ್ಕೆ ಮೊದಲೇ.”

“ಚೌಕದ ತಿರುವಲ್ಲಿ ಹ್ಯಾಂಡಲ್ ತಿರುಗಿಸಿದ್ದು?”

“ನಾನೇ. ಬಿಗಿಯಾಗಿ ಹಿಡ್ಕೊಂಡಿದ್ದ. ಬಿಗಿ ಇದೆ ಅಂದ್ರೆ ಜೀವ ಇದೆ ಅಂತ ತಾನೇ ಮಗಳೇ? ಹಂಗೇ ಅಂದ್ಕೊಂಡೆ.”

“ಆಮೇಲೆ?”

“ಆಮೇಲೆ ಕಾಲು ಜಾರಿ ಹೊರಗೆ ಬಿತ್ತು. ರಸ್ತೆ ಮೇಲೆ ಎಳೀತಿತ್ತು. ಚಪ್ಪಲಿ ಕಳಚಿ ಹೋಯ್ತು. ಇಳಿದು ಹೋಗಿ ಕಾಲು ಎತ್ತಿ ಒಳಗಿಟ್ಟೆ.”

“ಎಲ್ಲಿ?”

ಉದ್ದ ಮೊದಲ ಸಲ ಅವಳ ಮುಖ ನೋಡಿದ. ಅವಳಿಗೆ ಉತ್ತರ ಅಲ್ಲೇ ಸಿಕ್ಕಿತು. ಆದರೂ ಅವನ ಬಾಯಿಂದ ಬರಲೆಂದು ಕಾದಳು.

“ಆಸ್ಪತ್ರೆ ಗೇಟಿನ ಮುಂದೇನೇ.”

ಬೀದಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು. ಅದರ ಚಕ್ರದ ಟಿಕ್ ಟಿಕ್ ಮೂಲೆಯವರೆಗೂ ಕೇಳಿಸಿತು.

“ಕಾಲು ಮುಟ್ಟಿದಾಗ ಬೆಚ್ಚಗಿತ್ತಾ?”

“ಬಿಸಿಲಲ್ಲಿ ಎಲ್ಲಾ ಬೆಚ್ಚಗಿತ್ತಮ್ಮ. ಹ್ಯಾಂಡಲ್ ಬೆಚ್ಚಗಿತ್ತು. ಸೀಟು ಬೆಚ್ಚಗಿತ್ತು. ಅವನೂ ಬೆಚ್ಚಗಿದ್ದ.”

“ಮುಖ ನೋಡಿದ್ಯಾ?”

“ಇಲ್ಲ.”

“ಯಾಕೆ ನೋಡ್ಲಿಲ್ಲ?”

“ನೋಡಿದ್ರೆ ಗೊತ್ತಾಗಿಬಿಡ್ತಿತ್ತಲ್ಲ!” ಅವನ ದನಿ ಒಮ್ಮೆಲೇ ಏರಿ ಹಾಗೇ ಕುಸಿಯಿತು. “ಗೇಟ್ ಕಾಣಿಸ್ತಿತ್ತು ಮಗಳೇ. ಆದ್ರೆ ಅಲ್ಲಿಂದ ಬಂಕೂ ಕಾಣಿಸ್ತಿತ್ತು. ಅವತ್ತು ಬಿಟ್ಟರೆ ಮತ್ತೆ ಯಾವಾಗ ಲೋಡ್ ಬರುತ್ತೋ. ಅವನನ್ನ ಒಳಗೆ ಕರ್ಕೊಂಡು ಹೋದ್ರೆ ಅವನ ಜಾಗಾನೂ ಹೋಯ್ತು, ನನ್ನ ಜಾಗಾನೂ ಹೋಯ್ತು. ನಿದ್ದೆ ಇರಬಹುದು ಅಂದ್ಕೊಂಡೆ. ನಿದ್ದೆ ಇರಲಿ ಅಂದ್ಕೊಂಡೆ. ತಳ್ಳಿದೆ. ಬಂಕಿನವನು ಪೈಪ್ ಹಾಕಿ, ತುಂಬಿಸಿ, ದುಡ್ಡಿಗೆ ಕೈ ಚಾಚಿದ. ಇವನು ಕೊಡ್ಲಿಲ್ಲ. ಅವನು ಭುಜ ಅಲುಗಿಸಿದ…”

“ಆಗ?”

“ಇಬ್ಬರದೂ ನಾನೇ ಕೊಟ್ಟೆ.” ಉದ್ದ ತನ್ನ ಉದ್ದದ ಕಾಲುಗಳನ್ನು ಮತ್ತಷ್ಟು ಒಳಗೆಳೆದುಕೊಂಡ. “ನನ್ನ ಗಾಡಿಗೂ ಹಾಕಿಸ್ಕೊಂಡೇ ಬಂದೆ. ಅವನನ್ನ ಪಕ್ಕಕ್ಕೆ ನಿಲ್ಲಿಸಿ, ಹಾಕಿಸ್ಕೊಂಡೇ ಬಂದೆ. ನನ್ನದಾದ ಮೇಲೆ ಸ್ಟಾಕ್ ಮುಗೀತು.”

ಅಮ್ಮ ಚೌಕಟ್ಟಿನ ಬುಡದಲ್ಲಿ ಕುಸಿದು ಕೂತಳು. ಬೈಯುತ್ತಾಳೆ ಎಂದು ಎಲ್ಲರೂ ಕಾದರು. ಅವಳು ತನ್ನಷ್ಟಕ್ಕೇ ಹೇಳಿಕೊಂಡಳು: “ನಾನು ಫೋನ್ ಮಾಡಿದ್ದೆ. ಎತ್ತಲಿಲ್ಲ. ಸಾಲಲ್ಲಿ ಮಲಗಿದಾರೆ, ಮಲಗಲಿ ಅಂತ ಬಿಟ್ಟೆ.”

ಮಗಳು ಕಿಟಕಿಯ ಮಾತು ಹೇಳಲಿಲ್ಲ. ಒಬ್ಬ ಮನುಷ್ಯ ನಡುಹಗಲಲ್ಲಿ, ನಡುರಸ್ತೆಯಲ್ಲಿ, ತನ್ನವರೆಲ್ಲರ ಕಣ್ಣ ಮುಂದೆ ಸತ್ತಿದ್ದ. ಒಬ್ಬೊಬ್ಬರೂ ಪ್ರೀತಿಯಿಂದಲೇ ಅವನನ್ನು ಮಲಗಲು ಬಿಟ್ಟಿದ್ದರು.

ಅಧ್ಯಕ್ಷರು ಹತ್ತಿರ ಬಂದರು. “ಆಯ್ತಲ್ಲ ಮಗಳೇ. ಈಗ ಏನು ಮಾಡೋಣ? ಪೆಟ್ಟಿಗೆ ಮುಚ್ಚಲ್ಲ. ಹೆಣದ ವ್ಯಾನಿಗೆ ಫೋನ್ ಮಾಡಿದ್ರೆ ಅವನದೂ ಗ್ಯಾಸ್ ಗಾಡಿ, ಸಾಲಲ್ಲಿದೀನಿ ಅಂತಾನೆ. ನಾಳೆವರೆಗೆ ಕಾದ್ರೆ ಮೈ ತಾನಾಗೇ ಸಡಿಲ ಆಗುತ್ತೆ ಅಂತಾರೆ.”

“ನಿನ್ನೆ ಕಾದಿದ್ದು ಸಾಕಾಗಲಿಲ್ವಾ?” ಮಗಳು ಎದ್ದಳು. “ಅಪ್ಪನ ಗಾಡೀಲೇ ಹೋಗೋಣ. ಹಿಂದಿನ ಸೀಟಲ್ಲಿ ಕೂರಿಸಿ. ಹೇಗೂ ಕೂತೇ ಇದಾನೆ. ಎಲ್ಲರೂ ನೋಡ್ಲಿ.”

“ಸ್ಟಾರ್ಟ್ ಮಾಡಬಾರದಮ್ಮ” ಎಂದ ಫಿಟ್ಟರ್. “ವಾಸನೆ ಇನ್ನೂ ಹೋಗಿಲ್ಲ.”

“ಸ್ಟಾರ್ಟ್ ಮಾಡಲ್ಲ.” ಅವಳು ಉದ್ದನ ಕಡೆ ತಿರುಗಿದಳು. “ಮಾಮ, ಏಳು. ನಿನ್ನ ಗಾಡಿ ಇಲ್ಲೇ ಇರಲಿ. ಇಳಿದು ತಳ್ಳು. ಕೈಯಲ್ಲಿ.”

*

ಅಪ್ಪ ಜೀವಮಾನದಲ್ಲಿ ಮೊದಲ ಸಲ ತನ್ನ ಗಾಡಿಯ ಹಿಂದಿನ ಸೀಟಿನಲ್ಲಿ ಕೂತ. ಅಮ್ಮ ಪಕ್ಕದಲ್ಲಿ ಕೂತು, ಅವನ ತೋಳಿನೊಳಗೆ ತನ್ನ ತೋಳು ತೂರಿಸಿ, ವಾಲದಂತೆ ಹಿಡಿದಳು. ಬೆಡ್‌ಶೀಟನ್ನು ಕುತ್ತಿಗೆಯವರೆಗೆ ಹೊದಿಸಿ ಸೀಟಿನ ಕಂಬಿಗೆ ಕಟ್ಟಿದ್ದರು. ಮಗಳು ಮುಂದೆ ಹ್ಯಾಂಡಲ್ ಹಿಡಿದಳು. ಹಿಂದಿನಿಂದ ಉದ್ದ ಎರಡು ಕೈಯಿಂದ ತಳ್ಳಿದ. ಅವನ ಉಸಿರು ಟಾಪಿನ ಬಟ್ಟೆಗೆ ಬಡಿಯುವುದು ಕೇಳಿಸುತ್ತಿತ್ತು.

ಹಿಂದೆ ಉಳಿದವರು ತಮ್ಮ ತಮ್ಮ ಗಾಡಿಗಳನ್ನು ತಳ್ಳಿಕೊಂಡು ಬಂದರು. ಎಂಜಿನ್ನಿನ ಸದ್ದಿಲ್ಲ, ಹಾರ್ನ್ ಇಲ್ಲ. ಟೈರುಗಳು ಟಾರನ್ನು ನೆಕ್ಕುವ ಸದ್ದು ಮಾತ್ರ. ಬೀದಿಯ ತುದಿಯಲ್ಲಿ ಚೀಲ ಹಿಡಿದು ನಿಂತಿದ್ದವಳೊಬ್ಬಳು ಕೈ ಅಡ್ಡ ಹಾಕಿದಳು. “ಮಾರ್ಕೆಟಿಗೆ ಬರ್ತೀರಾ? ಹಿಂದೆ ಒಬ್ಬರಿಗೆ ಜಾಗ ಇದೆ ಅಲ್ವಾ?” ಎಂದು ಬಗ್ಗಿ ಒಳಗೆ ನೋಡಿದಳು. ಅಮ್ಮ ಅವಳನ್ನು ನೋಡಿದಳು. ಆ ಹೆಂಗಸು ಚೀಲವನ್ನು ಎದೆಗೆ ಅವುಚಿಕೊಂಡು ಗೋಡೆಗೆ ಅಂಟಿ ನಿಂತಳು.

ಚೌಕದಿಂದ ಆಚೆಗೆ ಸಾಲು ಶುರುವಾಯಿತು. ಟ್ಯಾಂಕರ್ ಬರುತ್ತದೆ ಎಂಬ ಸುದ್ದಿಗೆ ನಿನ್ನೆಯಿಂದ ನಿಂತ ಗಾಡಿಗಳು. ಮೆರವಣಿಗೆ ಅದರ ಪಕ್ಕದಲ್ಲೇ ಸಾಗಿತು. ಸಾಲಿನಲ್ಲಿ ಎಚ್ಚರವಿದ್ದವರು ಎದ್ದು ನಿಂತರು, ಟೋಪಿ ತೆಗೆದರು. ಬಹಳ ಜನ ನಿದ್ದೆಯಲ್ಲಿದ್ದರು: ತಲೆ ವಾಲಿಸಿ, ಬಾಯಿ ತೆರೆದು, ಒಂದು ಕೈ ಹ್ಯಾಂಡಲಿನ ಮೇಲೆ. ಅಮ್ಮನ ಪಕ್ಕದಲ್ಲಿದ್ದವನಿಗೂ ಅವರಿಗೂ ವ್ಯತ್ಯಾಸ ಕಾಣುತ್ತಿರಲಿಲ್ಲ.

ಆಸ್ಪತ್ರೆಯ ಗೇಟಿನ ಮುಂದೆ ಮಗಳು ಬ್ರೇಕ್ ಒತ್ತಿದಳು. ಗೇಟು ಪೂರ್ತಿ ತೆರೆದಿತ್ತು. ಒಳಗೆ ಹೋಗಲು ಹ್ಯಾಂಡಲನ್ನು ಇಷ್ಟು ತಿರುಗಿಸಿದರೆ ಸಾಕಿತ್ತು. ಇಷ್ಟು. ಅವಳು ತಿರುಗಿಸಿ ನೋಡಿದಳು. ಮುಂದಿನ ಚಕ್ರ ಗೇಟಿನ ಕಡೆ ಮುಖ ಮಾಡಿತು.

“ಬರೋದಾದ್ರೆ ಒಳಗೆ ಬನ್ನಿ, ಇಲ್ಲಾ ದಾರಿ ಬಿಡಿ” ಎಂದು ಕಾವಲುಗಾರ ಕೂಗಿದ.

ಮೂರನೇ ಮಹಡಿಯ ಕಿಟಕಿಯಲ್ಲಿ ಆಯಾ ಬಟ್ಟೆಯ ಒಬ್ಬ ಹೆಂಗಸು ಬಕೆಟ್ ಹಿಡಿದು ನಿಂತಿದ್ದಳು. ಬಿಸಿಲಿಗೆ ಅವಳ ಮುಖ ಕಾಣಲಿಲ್ಲ. ಅವಳು ಕೆಳಗೆ, ತೇಪೆ ಹಾಕಿದ ಟಾಪಿನ ಗಾಡಿಯನ್ನು, ಪಕ್ಕದಿಂದ ಕಾಣುವ ಒಂದು ಮೊಣಕೈಯನ್ನು ಸ್ವಲ್ಪ ಹೊತ್ತು ನೋಡಿ, ಒಳಗೆ ಹೋದಳು.

ಉದ್ದ ಹಿಂದಿನಿಂದ ಅಳುತ್ತಿದ್ದ. “ತಳ್ಳಲಾ ಮಗಳೇ? ಒಳಗೆ ತಳ್ಳಲಾ?”

“ನಿನ್ನೆ ಕೇಳಬೇಕಿತ್ತು ಮಾಮ” ಎಂದು ಅವಳು ಹ್ಯಾಂಡಲ್ ನೇರ ಮಾಡಿದಳು.

ಬಂಕಿಗೆ ಸರಪಳಿ ಬಿಗಿದಿತ್ತು. ‘ಸ್ಟಾಕ್ ಇಲ್ಲ’ ಎಂಬ ರಟ್ಟು ಗಾಳಿಗೆ ಅಲುಗುತ್ತಿತ್ತು. ಅಲ್ಲಿ ರಸ್ತೆಯ ಅರ್ಧ ಅಗೆದು ಹಾಕಿದ್ದರಿಂದ ಒಂದೇ ಸಾಲಿಗೆ ಜಾಗ. ಮೆರವಣಿಗೆ ಸಾಲಿನ ತಲೆಯ ಮುಂದೆಯೇ ತೂರಿ ದಾಟಿತು. ಅಲ್ಲಿಂದ ಸ್ಮಶಾನದವರೆಗೆ ಇಳಿಜಾರು. ಗಾಡಿ ತನ್ನಷ್ಟಕ್ಕೇ ಜಾರತೊಡಗಿತು. ಉದ್ದ ಈಗ ತಳ್ಳುತ್ತಿರಲಿಲ್ಲ, ಹಿಡಿದು ನಿಧಾನಿಸುತ್ತಿದ್ದ.

ಗೇಟಿನಲ್ಲಿ ಗುಂಡಿ ತೋಡುವವನು ಸನಿಕೆ ಊರಿಕೊಂಡು ನಿಂತಿದ್ದ. ಅವನು ಇವರ ಕಡೆ ನೋಡುತ್ತಿರಲಿಲ್ಲ, ಇವರ ಹಿಂದೆ ನೋಡುತ್ತಿದ್ದ.

“ಅವರೆಲ್ಲಾ ನಿಮ್ಮ ಕಡೆಯವರೇನಮ್ಮ?”

ಮಗಳು ಇಳಿದು ತಿರುಗಿ ನೋಡಿದಳು. ಸಂಘದ ಗಾಡಿಗಳು ಮುಗಿದಲ್ಲಿಗೆ ಗಾಡಿಗಳು ಮುಗಿದಿರಲಿಲ್ಲ. ಮುಂದಿನವು ಹೊರಟದ್ದನ್ನು ಸಾಲಿನಲ್ಲಿ ಯಾರೋ ಅರೆಗಣ್ಣಿನಲ್ಲಿ ಕಂಡು ಅಭ್ಯಾಸಬಲದಿಂದ ಕಾಲು ಚಾಚಿದ್ದ. ಅವನ ಹಿಂದಿನವನೂ ಚಾಚಿದ್ದ. ಇಡೀ ಸಾಲು ಮುಚ್ಚಿದ ಬಂಕನ್ನು ದಾಟಿ, ಇಳಿಜಾರಿನಲ್ಲಿ, ಸದ್ದಿಲ್ಲದೆ, ಸ್ಮಶಾನದ ಗೇಟಿನ ಕಡೆ ಬರುತ್ತಿತ್ತು. ಅದರ ಬಾಲ ತಿರುವಿನಾಚೆ ಎಲ್ಲೋ ಇತ್ತು. ಅಪ್ಪನನ್ನು ಇಳಿಸಲು ಬಂದವರೂ ಕೈ ಬಿಟ್ಟು ನೋಡುತ್ತಾ ನಿಂತರು.

ಅವಳು ಸಾಲಿನ ಮೊದಲ ಗಾಡಿಯ ಬಳಿ ಹೋದಳು. ಗುರುತಿಲ್ಲದವನು. ಕಣ್ಣು ಮುಚ್ಚಿತ್ತು. ವಾರ್ಡಿನಲ್ಲಿ ಮಾಡುವ ಹಾಗೆ ಬೆರಳುಗಳ ಹಿಂಬದಿಯನ್ನು ಅವನ ಮೂಗಿನ ಕೆಳಗೆ ಹಿಡಿದಳು. ಕಾದಳು. ಬೆಚ್ಚನೆ ಉಸಿರು ತಾಗಿತು. ಎರಡನೆಯವನ ಬಳಿ ಹೋಗಿ ಹಿಡಿದಳು. ಅವನು ನಿದ್ದೆಯಲ್ಲೇ ಮುಖ ಸಿಂಡರಿಸಿದ. ಮೂರನೆಯವನು ಚಿಕ್ಕ ವಯಸ್ಸಿನವನು, ತಲೆ ಎಡಕ್ಕೆ ವಾಲಿತ್ತು. ಅವನ ಮೂಗಿನ ಕೆಳಗೆ ಅವಳ ಬೆರಳು ಬಹಳ ಹೊತ್ತು ನಿಂತವು. ಅವಳು ತನ್ನ ಉಸಿರನ್ನೇ ಬಿಗಿಹಿಡಿದು, ಇನ್ನೂ ಹತ್ತಿರ ಬಾಗಿದಳು.

ಅಷ್ಟರಲ್ಲಿ ಹಿಂದಿನ ಗಾಡಿಯಿಂದ ಒಂದು ಬರಿಗಾಲು ಹೊರಗೆ ಬಂದು ಬಂಪರಿನ ಮೇಲೆ ಮೆಲ್ಲಗೆ ಕೂತಿತು. ಆ ಚಿಕ್ಕವನ ಗಾಡಿ ಅವಳ ಬೆರಳಿನಿಂದ ಜಾರಿ ಮುಂದಕ್ಕೆ ಹೋಯಿತು.